ಫ್ಯಾಂಟಸಿ ಪೇಂಟಿಂಗ್ ಓದೋದು ಹೇಗೆ: ಮೊದಲು ಮೂಡ್, ಸಂಕೇತ ಆಮೇಲೆ

ಡ್ರಾಗನ್ನು, ಪಾಳು ಬಿದ್ದ ಕೋಟೆ, ಕೆಂಪು ಚಂದ್ರ, ದೀಪ ಹಿಡ್ಕೊಂಡು ಒಬ್ಬಳೇ ನಿಂತಿರೋ ಹುಡುಗಿ. ಇಂಥ ಚಿತ್ರ ಕಣ್ಣಿಗೆ ಬಿದ್ದ ತಕ್ಷಣ ಬಹಳ ಜನ ಮಾಡೋ ಕೆಲಸ ಒಂದೇ, ಡ್ರಾಗನ್ ಅಂದ್ರೆ ಏನು, ದೀಪ ಅಂದ್ರೆ ಏನು ಅಂತ ಸರ್ಚ್ ಮಾಡಿ ಸಿಕ್ಕಿದ ಅರ್ಥಾನ ತಂದು ಚಿತ್ರದ ಮೇಲೆ ಅಂಟಿಸೋದು. ನಾನೂ ಬಹಳ ವರ್ಷ ಹಂಗೇ ನೋಡ್ತಿದ್ದೆ. ಎಲ್ಲಾ ವಸ್ತುಗೂ ಒಂದೊಂದು ಅರ್ಥ ಸಿಗ್ತಿತ್ತು, ಆದ್ರೆ ಆ ಚಿತ್ರ ಯಾಕೆ ರಾತ್ರಿ ಮಲಗಿದಾಗಲೂ ಕಣ್ಮುಂದೆ ಬರುತ್ತೆ ಅನ್ನೋದಕ್ಕೆ ಮಾತ್ರ ಉತ್ತರ ಸಿಗ್ತಿರ್ಲಿಲ್ಲ.

ಈಗ ನಾನು ನೋಡೋ ಕ್ರಮ ಉಲ್ಟಾ ಆಗಿದೆ. ಮೊದಲು ಮೂಡ್ ಹಿಡೀತೀನಿ, ಅದು ಬಣ್ಣ, ಬೆಳಕು, ಜಾಗ ಇವುಗಳಲ್ಲಿ ಎಲ್ಲಿಂದ ಬರ್ತಿದೆ ಅಂತ ನೋಡ್ತೀನಿ, ಸಂಕೇತಗಳ ಹತ್ರ ಹೋಗೋದು ಕೊನೆಗೆ. ಜೊತೆಗೆ ಒಂದು ಷರತ್ತು, ಏನೇ ಅರ್ಥ ಹೇಳಿದ್ರೂ ಅದಕ್ಕೆ ಚಿತ್ರದಲ್ಲಿ ಬೆರಳಿಟ್ಟು "ಇಲ್ಲಿ ನೋಡು" ಅಂತ ತೋರಿಸೋಕೆ ಆಗ್ಬೇಕು. ತೋರಿಸೋಕೆ ಆಗ್ಲಿಲ್ಲ ಅಂದ್ರೆ ಅದು ನನ್ನ ಕಲ್ಪನೆ, ಚಿತ್ರದ್ದಲ್ಲ.

ಉದಾಹರಣೆಗೆ ಒಂದು ಚಿತ್ರ ಪಕ್ಕದಲ್ಲಿ ಇಟ್ಕೊಳ್ಳೋಣ, ಸ್ವಿಸ್ ಕಲಾವಿದ ಆರ್ನಾಲ್ಡ್ ಬೋಕ್ಲಿನ್ ಬರೆದ ದ್ವೀಪದ ಚಿತ್ರ. 1880ರಿಂದ 1886ರ ಒಳಗೆ ಇದೇ ದ್ವೀಪಾನ ಅವನು ಐದು ಸಲ ಬರೆದ, ಅದ್ರಲ್ಲಿ ನಾಲ್ಕನೇದು ಎರಡನೇ ಮಹಾಯುದ್ಧದಲ್ಲಿ ನಾಶ ಆಯ್ತು, ಉಳಿದ ನಾಲ್ಕು ಬಾಸೆಲ್, ನ್ಯೂಯಾರ್ಕ್, ಬರ್ಲಿನ್, ಲೈಪ್ಜಿಗ್ ಮ್ಯೂಸಿಯಂಗಳಲ್ಲಿವೆ. ಅಲುಗಾಡದ ನೀರು, ನಡುವೆ ಕಡಿದಾದ ಬಂಡೆಯ ದ್ವೀಪ, ಬಂಡೆಗಳ ಮಧ್ಯೆ ಕಪ್ಪಗೆ ಎತ್ತರಕ್ಕೆ ಬೆಳೆದ ಸೈಪ್ರೆಸ್ ಮರಗಳು, ದ್ವೀಪದ ಕಡೆ ಮುಖ ಮಾಡಿರೋ ಒಂದು ಸಣ್ಣ ದೋಣಿ. ದೋಣೀಲಿ ಮೈತುಂಬ ಬಿಳಿ ಹೊದ್ದು ನಮಗೆ ಬೆನ್ನು ಹಾಕಿ ನಿಂತಿರೋ ಒಂದು ಆಕೃತಿ. ಫೋನಲ್ಲಿ ಹುಡುಕಿದ್ರೆ ಸಿಗುತ್ತೆ, ತೆಗೆದಿಟ್ಕೊಂಡು ಮುಂದೆ ಓದಿ.

1. ಹೆಸರು ಮುಚ್ಚಿಡಿ

ಚಿತ್ರದ ಕೆಳಗಿರೋ ಹೆಸರು, ವಿವರಣೆ ಯಾವುದನ್ನೂ ಮೊದಲು ಓದ್ಬೇಡಿ. ಹೆಸರು ಓದಿದ ಮೇಲೆ ಕಣ್ಣು ಚಿತ್ರಾನ ನೋಡೋದು ಬಿಟ್ಟು ಹೆಸರಿಗೆ ಸಾಕ್ಷಿ ಹುಡುಕೋಕೆ ಶುರು ಮಾಡುತ್ತೆ. ಎರಡು ನಿಮಿಷ ಸುಮ್ನೆ ನೋಡಿ, ಟೈಮರ್ ಇಟ್ಕೊಂಡ್ರೂ ಸರಿ, ಯಾಕಂದ್ರೆ ಎರಡು ನಿಮಿಷ ಅನ್ನೋದು ನಾವು ಅಂದ್ಕೊಂಡಿದ್ದಕ್ಕಿಂತ ಬಹಳ ಉದ್ದ.

ನಾನು ಆ ದ್ವೀಪದ ಚಿತ್ರಾನ ಹೆಸರು ಹೇಳದೆ ನನ್ನ ತಂಗಿ ಮಗಳಿಗೆ ತೋರಿಸಿದ್ದೆ, ಅವಳಿಗೆ ಆಗ ಎಂಟು ವರ್ಷ. ಅವಳು ಸ್ವಲ್ಪ ಹೊತ್ತು ನೋಡಿ "ಯಾರೋ ಮನೆಗೆ ಹೋಗ್ತಿದಾರೆ, ಮಾಮ, ಸದ್ದು ಮಾಡ್ಬಾರ್ದು ಅಂತ ಹೇಳಿದಾರೆ ಅವ್ರಿಗೆ" ಅಂದ್ಳು. ಚಿತ್ರಕ್ಕೆ ಈಗ ಇರೋ ಹೆಸರು 'ಸತ್ತವರ ದ್ವೀಪ'. ಆದ್ರೆ ಆ ಹೆಸರು ಬೋಕ್ಲಿನ್ ಇಟ್ಟಿದ್ದಲ್ಲ, 1883ರಲ್ಲಿ ಫ್ರಿಟ್ಜ್ ಗುರ್ಲಿಟ್ ಅನ್ನೋ ಚಿತ್ರ ವ್ಯಾಪಾರಿ ಇಟ್ಟಿದ್ದು. ಹೆಸರು ಗೊತ್ತಿರೋರು ಮೊದಲ ಕ್ಷಣಕ್ಕೇ ಸಾವು ಅಂತಾರೆ, ಹೆಸರು ಗೊತ್ತಿಲ್ಲದ ಮಗುಗೆ ಮೊದಲು ಕಂಡಿದ್ದು ಮೌನ. ಸದ್ದು ಮಾಡ್ಬಾರ್ದು ಅನ್ನೋದು ಆ ಚಿತ್ರದಲ್ಲಿ ನಿಜವಾಗ್ಲೂ ಇದೆ, ನೀರಲ್ಲಿ ಅಲೆ ಇಲ್ಲ, ಯಾರ ಬಾಯೂ ಕಾಣಲ್ಲ.

2. ಮೂಡಿಗೆ ಸರಿಯಾದ ಪದ ಹುಡುಕಿ

ಇಲ್ಲಿ ಅವಸರ ಮಾಡ್ಬೇಡಿ. "ಒಂಥರಾ ಡಾರ್ಕ್ ಆಗಿದೆ", "ಒಂಥರಾ ಭಯ ಆಗುತ್ತೆ" ಅಂತ ನಿಲ್ಲಿಸಿದ್ರೆ ಮುಂದಿನ ದಾರಿ ಮುಚ್ಚಿಹೋಗುತ್ತೆ. ಭಯ ಅನ್ನೋದ್ರಲ್ಲೇ ನಮ್ಮ ಭಾಷೇಲಿ ಎಷ್ಟು ಬಗೆ ಇದೆ ನೋಡಿ. ಗಾಬರಿ ಅಂದ್ರೆ ಏನೋ ಆಗ್ತಾ ಇದೆ, ಈಗಲೇ ಓಡ್ಬೇಕು. ದಿಗಿಲು ಅಂದ್ರೆ ತಟ್ಟಂತ ಎದೆ ಹಿಡಿಯೋದು. ಅಂಜಿಕೆ ಅಂದ್ರೆ ಎದುರಿಗೆ ಯಾರೋ ದೊಡ್ಡವರಿದಾರೆ. ಕಳವಳ ಅಂದ್ರೆ ಏನೂ ಆಗಿಲ್ಲ, ಆದ್ರೆ ಏನೋ ಸರಿ ಇಲ್ಲ. ಬಿಕೋ ಅನ್ನೋದು ಅಂದ್ರೆ ಮೊದಲು ಜನ ಇದ್ದ ಜಾಗ, ಈಗ ಇಲ್ಲ. ಯಾರೂ ಯಾವತ್ತೂ ಕಾಲಿಡದ ಕಾಡು ಬಿಕೋ ಅನ್ನಲ್ಲ, ಪಾಳು ಬಿದ್ದ ಅರಮನೆ ಅನ್ನುತ್ತೆ. ಅಂದ್ರೆ ನೀವು ಒಂದು ಚಿತ್ರಕ್ಕೆ ಬಿಕೋ ಅನ್ನೋ ಪದ ಬಳಸಿದ್ರಿ ಅಂದ್ರೆ ಅದ್ರಲ್ಲಿ ಹಿಂದೆ ಇದ್ದವರ ಗುರುತು ಎಲ್ಲೋ ಇದೆ ಅಂತ ನಿಮ್ಮ ಕಣ್ಣು ಆಗಲೇ ಕಂಡುಹಿಡಿದಿದೆ, ಈಗ ಅದನ್ನ ಹುಡುಕಿ, ಒಡೆದ ಮೆಟ್ಟಿಲಿರಬಹುದು, ಆರಿದ ದೀಪ ಇರಬಹುದು.

ರಸಗಳ ಹೆಸರೂ ಇಲ್ಲಿ ಕೆಲಸಕ್ಕೆ ಬರುತ್ತೆ. ಭಯಾನಕ ಬೇರೆ, ಬೀಭತ್ಸ ಬೇರೆ, ಒಂದ್ರಲ್ಲಿ ಹಿಂದೆ ಸರೀತೀವಿ, ಇನ್ನೊಂದ್ರಲ್ಲಿ ಮುಖ ತಿರುಗಿಸ್ತೀವಿ. ಒಂದು ರಾಕ್ಷಸನ ಚಿತ್ರ ನೋಡಿ ನಿಮಗೆ ಮುಖ ತಿರುಗಿಸ್ಬೇಕು ಅನ್ನಿಸ್ತಾ, ಇಲ್ಲಾ ಬಾಯಿ ತೆರೆದು ನೋಡ್ತಾನೇ ಇರ್ಬೇಕು ಅನ್ನಿಸ್ತಾ? ಎರಡನೇದಾದ್ರೆ ಅದು ಅದ್ಭುತದ ಕಡೆ ವಾಲಿದೆ, ಕಲಾವಿದನಿಗೆ ಆ ರಾಕ್ಷಸನ ಮೇಲೆ ಒಂದು ಗೌರವ ಇದೆ.

ಎರಡು ಪದ ಬಂದ್ರೆ ಎರಡನ್ನೂ ಬರ್ಕೊಳ್ಳಿ. ಒಂದಕ್ಕೊಂದು ಜಗಳ ಆಡೋ ಪದಗಳಾದ್ರೆ ಇನ್ನೂ ಒಳ್ಳೇದು. ದ್ವೀಪದ ಚಿತ್ರಕ್ಕೆ ನನಗೆ ಬರೋ ಪದಗಳು 'ನಿರಾಳ' ಮತ್ತು 'ಅಂಜಿಕೆ', ಎರಡೂ ಒಟ್ಟಿಗೆ ಹೇಗೆ ಇರೋಕೆ ಸಾಧ್ಯ ಅನ್ನೋ ಪ್ರಶ್ನೆಯಿಂದಲೇ ಆ ಚಿತ್ರ ನನಗೆ ತೆರ್ಕೊಂಡಿದ್ದು.

3. ಬೆಳಕು ಎಲ್ಲಿಂದ ಬರ್ತಿದೆ ನೋಡಿ

ಕಣ್ಣನ್ನ ಅರ್ಧ ಮುಚ್ಚಿ ನೋಡಿ, ಸಣ್ಣ ಸಣ್ಣ ವಿವರ ಎಲ್ಲ ಕರಗಿ ಬರೀ ಕತ್ತಲ ತುಂಡು, ಬೆಳಕಿನ ತುಂಡು ಉಳಿಯುತ್ತೆ. ಇಲ್ಲಾಂದ್ರೆ ಫೋಟೋನ ಬ್ಲ್ಯಾಕ್ ಅಂಡ್ ವೈಟ್ ಮಾಡಿ ನೋಡಿ. ಬಹಳ ಸಲ ಮೂಡ್ ಇರೋದು ಬಣ್ಣಕ್ಕಿಂತ ಹೆಚ್ಚಾಗಿ ಈ ತುಂಡುಗಳಲ್ಲಿ. ರಷ್ಯಾದ ಸಂಗೀತಗಾರ ರಾಕ್ಮಾನಿನಾಫ್ ದ್ವೀಪದ ಚಿತ್ರಾನ ಮೊದಲು ನೋಡಿದ್ದು ಕಪ್ಪು ಬಿಳುಪು ಪ್ರಿಂಟಲ್ಲೇ, ಅಷ್ಟಕ್ಕೇ ಅವನೊಳಗೆ ಒಂದು ಆರ್ಕೆಸ್ಟ್ರಾ ಕೃತಿ ಹುಟ್ಟಿತು, 1909ರಲ್ಲಿ ಅದು ಮುಗೀತು. ಆಮೇಲೆ ಬಣ್ಣದ ಮೂಲ ಚಿತ್ರ ನೋಡಿದಾಗ ಅವನ ಮನಸ್ಸಿಗೆ ಅದು ಅಷ್ಟು ತಟ್ಟಲಿಲ್ಲ.

ಆಮೇಲೆ ಕೇಳ್ಕೊಬೇಕಾದ ಪ್ರಶ್ನೆ, ಅತಿ ಹೆಚ್ಚು ಬೆಳಕಿರೋ ಜಾಗ ಯಾವುದು, ಅದರ ಪಕ್ಕ ಅತಿ ಹೆಚ್ಚು ಕತ್ತಲು ಇದೆಯಾ? ಈ ಎರಡೂ ಒಂದಕ್ಕೊಂದು ತಾಗೋ ಕಡೆಗೆ ಕಣ್ಣು ತಾನಾಗೇ ಓಡುತ್ತೆ, ಕಲಾವಿದ ಮುಖ್ಯ ಅಂದ್ಕೊಂಡಿದ್ದನ್ನ ಸಾಮಾನ್ಯವಾಗಿ ಅಲ್ಲೇ ಇಟ್ಟಿರ್ತಾನೆ. ಬೋಕ್ಲಿನ್ ಚಿತ್ರದಲ್ಲಿ ಅಷ್ಟು ದೊಡ್ಡ ಬಂಡೆ, ಅಷ್ಟು ದೊಡ್ಡ ಮರಗಳಿದ್ರೂ ನಮ್ಮ ಕಣ್ಣು ಉಗುರಿನಷ್ಟು ಸಣ್ಣ ಬಿಳಿ ಆಕೃತಿ ಹತ್ರ ಪದೇ ಪದೇ ವಾಪಸ್ ಬರೋದು ಇದಕ್ಕೇ.

ಫ್ಯಾಂಟಸಿ ಚಿತ್ರದಲ್ಲಿ ಬೆಳಕು ನಿಯಮ ಮುರೀಬಹುದು, ಹಾಗೆ ಮುರಿದ ಕಡೆ ನಿಲ್ಲಿ. ರೆನೆ ಮಾಗ್ರಿಟ್ 'ಬೆಳಕಿನ ಸಾಮ್ರಾಜ್ಯ' ಅಂತ ಒಂದು ಸರಣಿ ಬರೆದಿದಾನೆ, ಮೇಲೆ ಹಗಲಿನ ನೀಲಿ ಆಕಾಶ, ಬಿಳಿ ಮೋಡ, ಕೆಳಗೆ ರಾತ್ರಿ, ಬೀದಿ ದೀಪ ಉರೀತಿದೆ. ರಾಕ್ಷಸ ಇಲ್ಲ, ಮಂತ್ರ ಇಲ್ಲ, ಒಂದು ಮನೆ ಅಷ್ಟೇ. ಆದ್ರೂ ಕಳವಳ ಆಗುತ್ತೆ. ಇಂಥ ಚಿತ್ರದಲ್ಲಿ ಸಂಕೇತ ಹುಡುಕೋಕೆ ಹೋದ್ರೆ ಕೈಗೆ ಏನೂ ಸಿಗಲ್ಲ, ಎಲ್ಲ ಇರೋದು ಬೆಳಕಲ್ಲೇ.

ಒಂದೇ ಚಿತ್ರದ ಎರಡು ಆವೃತ್ತಿ ಸಿಕ್ಕಿದ್ರಂತೂ ಬಿಡ್ಲೇಬೇಡಿ. ಬಾಸೆಲ್‌ನಲ್ಲಿರೋ 1880ರ ದ್ವೀಪ ಮತ್ತು ಬರ್ಲಿನ್‌ನಲ್ಲಿರೋ 1883ರ ದ್ವೀಪ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಬಂಡೆ, ಮರ, ದೋಣಿ ಎಲ್ಲ ಅವೇ. 1880ರದ್ರಲ್ಲಿ ಆಕಾಶ ಕತ್ತಲು ಕಟ್ಟಿದೆ, 1883ರದ್ರಲ್ಲಿ ತಿಳಿಯಾಗಿದೆ. ಕತ್ತಲ ಆಕಾಶದಲ್ಲಿ ದ್ವೀಪ ಸುತ್ತಲಿನ ಜೊತೆ ಕರಗುತ್ತೆ, ಕನಸಿನ ಥರ ಅನ್ಸುತ್ತೆ. ತಿಳಿ ಆಕಾಶದ ಎದುರು ಅದೇ ಬಂಡೆ ಗಟ್ಟಿಯಾಗಿ ಎದ್ದು ನಿಲ್ಲುತ್ತೆ, ಇದು ನಿಜವಾಗ್ಲೂ ಇರೋ ಜಾಗ, ಒಂದಿನ ಹೋಗ್ಬೇಕಾದ ಜಾಗ ಅನ್ಸುತ್ತೆ. ಒಂದು ಸಂಕೇತಾನೂ ಬದಲಾಗಿಲ್ಲ, ಮೂಡ್ ಬದಲಾಗಿದೆ. ನನಗೆ ಎರಡನೇ ಥರದ್ದೇ ಹೆಚ್ಚು ಅಂಜಿಕೆ ಹುಟ್ಸುತ್ತೆ.

4. ನೀವು ಎಲ್ಲಿ ನಿಂತಿದೀರಾ?

ಚಿತ್ರದೊಳಗೆ ನಿಮಗೂ ಒಂದು ಜಾಗ ಕೊಟ್ಟಿರ್ತಾರೆ, ಅದನ್ನ ಕಂಡುಹಿಡೀರಿ. ದಿಗಂತದ ಗೆರೆ ಕೆಳಗಿದ್ದು ದೈತ್ಯನ ಮೊಣಕಾಲು ನಿಮ್ಮ ಕಣ್ಣಿನ ಮಟ್ಟಕ್ಕಿದ್ರೆ ನೀವು ಅವನ ಕಾಲ ಬುಡದಲ್ಲಿದೀರಾ. ಮೇಲಿಂದ ನೋಡ್ತಿದ್ರೆ ನೀವು ಹಕ್ಕಿ, ಇಲ್ಲಾ ದೇವರು, ಆ ಯುದ್ಧ ನಿಮಗೆ ತಾಗಲ್ಲ. ದ್ವೀಪದ ಚಿತ್ರದಲ್ಲಿ ನಾವು ದೋಣಿ ಹಿಂದೆ, ನೀರಿನ ಮೇಲೇ ಇದೀವಿ, ನಮ್ಮ ಕಾಲ ಕೆಳಗೆ ನೆಲ ಇಲ್ಲ. ಎದುರಿಗಿರೋರು ಬೆನ್ನು ಹಾಕಿ ನಿಂತಿರೋದ್ರಿಂದ ಅವರು ನೋಡ್ತಿರೋದನ್ನೇ ನಾವೂ ನೋಡ್ತೀವಿ, ಅಂದ್ರೆ ನಮ್ಮನ್ನೂ ಅದೇ ಸಾಲಲ್ಲಿ ನಿಲ್ಲಿಸಿದಾನೆ ಕಲಾವಿದ.

ರಿಚರ್ಡ್ ಡ್ಯಾಡ್ ಅನ್ನೋ ಇಂಗ್ಲಿಷ್ ಕಲಾವಿದನ ಯಕ್ಷಿಣಿಯರ ಚಿತ್ರ ಒಂದಿದೆ, ಲಂಡನ್ನಿನ ಟೇಟ್ ಸಂಗ್ರಹದಲ್ಲಿ. ಅಳತೆ ಬರೀ 54 ಸೆಂಟಿಮೀಟರ್ ಎತ್ತರ, ಸುಮಾರು 39 ಸೆಂಟಿಮೀಟರ್ ಅಗಲ, ಅಷ್ಟರಲ್ಲೇ ಲೆಕ್ಕ ಇಲ್ಲದಷ್ಟು ಪುಟ್ಟ ಜೀವಿಗಳು ಕಿಕ್ಕಿರಿದು ನಿಂತಿವೆ. ಆದ್ರೆ ನಾವು ಮತ್ತು ಅವರ ಮಧ್ಯೆ ಹುಲ್ಲಿನ ಎಸಳುಗಳು ಅಡ್ಡ ಬಂದಿವೆ, ಇಡೀ ಚಿತ್ರದ ಮೇಲೆ ಹಾದುಹೋಗಿವೆ. ಅಂದ್ರೆ ನಾವು ನೆಲಕ್ಕೆ ಗಲ್ಲ ಊರಿ ಹುಲ್ಲಿನ ಸಂದಿಯಿಂದ ಕದ್ದು ನೋಡ್ತಿದೀವಿ, ಅವರಿಗೆ ನಾವಿರೋದು ಗೊತ್ತಿಲ್ಲ. ಉಸಿರು ಬಿಗಿ ಹಿಡಿಯೋ ಆ ಮೂಡ್ ಬಂದಿದ್ದು ನಾಲ್ಕು ಎಸಳು ಹುಲ್ಲಿಂದ.

5. ಇದು ಯಾವ ಗಳಿಗೆ

ಆಗೋ ಮುಂಚೆನಾ, ಆಗ್ತಾ ಇದೆಯಾ, ಆಗಿ ಮುಗೀತಾ. ಡ್ಯಾಡ್ ಚಿತ್ರದ ನಡುವೆ ಒಬ್ಬ ಕೊಡಲಿ ಎತ್ತಿ ನಿಂತಿದಾನೆ, ಎದುರಿಗೆ ಒಂದು ಕಾಯಿ, ಅದನ್ನ ಸೀಳಿ ರಾಣಿಗೆ ಹೊಸ ಗಾಡಿ ಮಾಡ್ಬೇಕು. ಕೊಡಲಿ ಇನ್ನೂ ಬಿದ್ದಿಲ್ಲ, ಎಲ್ಲರ ಕಣ್ಣೂ ಕಾಯ್ತಿದೆ. ಒಂದೇಟು ಬಿದ್ದ ಮೇಲಿನ ಗಳಿಗೆ ಬರೆದಿದ್ರೆ ಅದೊಂದು ಹಬ್ಬದ ಚಿತ್ರ ಆಗ್ತಿತ್ತು. ಯುದ್ಧದ ಚಿತ್ರಗಳಲ್ಲೂ ಇದನ್ನೇ ನೋಡಿ, ಕತ್ತಿ ಎತ್ತಿರೋದಕ್ಕೂ ಕತ್ತಿ ನೆಲಕ್ಕೂರಿ ಕೂತಿರೋದಕ್ಕೂ ಮೂಡ್ ಪೂರ್ತಿ ಬೇರೆ, ಕತ್ತಿ ಒಂದೇ ಆದ್ರೂ.

6. ಈಗ ಸಂಕೇತಗಳ ಹತ್ರ ಬನ್ನಿ

ಚಿತ್ರದಲ್ಲಿರೋ ಎಲ್ಲಾ ವಸ್ತುನೂ ಸಂಕೇತ ಅಲ್ಲ, ಕೆಲವು ಬರೀ ಜಾಗ ತುಂಬಿಸೋಕೆ ಇರ್ತವೆ. ನಾನು ಒಂದು ವಸ್ತುನ ಸಂಕೇತ ಅಂತ ಒಪ್ಕೊಳ್ಳೋದು ಇಷ್ಟರಲ್ಲಿ ಒಂದಾದ್ರೂ ಇದ್ರೆ: ಅದು ಒಂದಕ್ಕಿಂತ ಹೆಚ್ಚು ಸಲ ಬಂದಿದೆ, ಬೆಳಕು ಅದರ ಮೇಲೆ ಬಿದ್ದಿದೆ, ಇಲ್ಲಾ ಅಲ್ಲಿ ಇರ್ಬಾರ್ದ ವಸ್ತು ಅಲ್ಲಿದೆ.

ಅರ್ಥ ನೋಡುವಾಗ ಯಾವ ಕಾಲದ, ಯಾವ ನಾಡಿನ ಚಿತ್ರ ಅನ್ನೋದು ಮುಖ್ಯ. ಗೂಬೆ ಅಂದ್ರೆ ಜ್ಞಾನ ಅಂತ ಎಲ್ಲಾ ಕಡೆ ಬರೆದಿರ್ತಾರೆ, ಅದು ಗ್ರೀಕರ ಅಥೀನಾ ದೇವತೆಯ ಗೂಬೆ. ಸುಮಾರು 1500ರ ಹೊತ್ತಿಗೆ ನೆದರ್ಲ್ಯಾಂಡ್ಸ್ ಕಡೆಯ ಹಿರಾನಿಮಸ್ ಬಾಷ್ ಬರೆದ ಮೂರು ಭಾಗದ ದೊಡ್ಡ ಚಿತ್ರ ಮ್ಯಾಡ್ರಿಡ್‌ನ ಪ್ರಾಡೋ ಮ್ಯೂಸಿಯಂನಲ್ಲಿದೆ, ಅದರ ಎಡಭಾಗದಲ್ಲಿ ಸ್ವರ್ಗದ ತೋಟ, ತೋಟದ ನಡುವೆ ಒಂದು ಕಾರಂಜಿ, ಕಾರಂಜಿಯ ಬುಡದ ಗುಂಡಗಿನ ತೂತಿಂದ ಒಂದು ಗೂಬೆ ಇಣುಕ್ತಿದೆ. ಬಾಷ್ ಬದುಕಿದ್ದ ಕಡೆ ಗೂಬೆ ಕತ್ತಲಿನ ಹಕ್ಕಿ, ಕೇಡಿನ ಹಕ್ಕಿ. ಸ್ವರ್ಗದ ಮಧ್ಯದಲ್ಲೇ ಕೇಡು ಕಣ್ಣು ಬಿಟ್ಕೊಂಡು ಕೂತಿದೆ ಅಂತ ಓದಿದ್ರೆ ಇಡೀ ತೋಟದ ಮೂಡ್ ತಿರುಗಿಬಿಡುತ್ತೆ, ಅದೇ ಜ್ಞಾನ ಅಂತ ಅಂಟಿಸಿದ್ರೆ ಏನೂ ಆಗಲ್ಲ, ಚಿತ್ರ ಸುಮ್ನೆ ಇರುತ್ತೆ. ಯಾವ ಅರ್ಥ ಇಟ್ಟಾಗ ಚಿತ್ರದ ಬೇರೆ ಭಾಗಗಳೂ ಮಾತಾಡೋಕೆ ಶುರು ಮಾಡ್ತವೋ ಆ ಅರ್ಥ ಇಟ್ಕೊಳ್ಳಿ.

ಡ್ರಾಗನ್ ಕಥೆನೂ ಹಂಗೇ. ಚೀನಾದ ಚೆನ್ ರೋಂಗ್ 1244ರಲ್ಲಿ ಒಂಬತ್ತು ಡ್ರಾಗನ್‌ಗಳ ಉದ್ದನೆ ಸುರುಳಿ ಚಿತ್ರ ಬರೆದ, ಅಲ್ಲಿ ಡ್ರಾಗನ್ ಅಂದ್ರೆ ಮೋಡ, ನೀರು, ಮಳೆ ತರೋ ಶಕ್ತಿ, ಅದನ್ನ ಕೊಲ್ಲೋಕೆ ಯಾರೂ ಬರಲ್ಲ. ಇಟಲಿಯ ಪಾವ್ಲೋ ಉಚ್ಚೆಲ್ಲೋ ಸುಮಾರು 1470ರಲ್ಲಿ ಬರೆದ ಚಿತ್ರದಲ್ಲಿ ಕುದುರೆ ಮೇಲಿನ ಸಂತ ಡ್ರಾಗನ್ನಿಗೆ ಭರ್ಜಿ ಚುಚ್ತಿದಾನೆ, ಅಲ್ಲಿ ಅದು ಕೇಡು. ಆದ್ರೆ ಹತ್ರ ಹೋಗಿ ನೋಡಿ, ಪಕ್ಕದಲ್ಲಿರೋ ರಾಜಕುಮಾರಿ ಕೈಯಲ್ಲಿ ಒಂದು ಪಟ್ಟಿ ಇದೆ, ಅದರ ಇನ್ನೊಂದು ತುದಿ ಡ್ರಾಗನ್ ಕುತ್ತಿಗೇಲಿದೆ, ಸಾಕಿದ ಪ್ರಾಣಿ ಥರ. ಸಂಕೇತಗಳ ಲಿಸ್ಟಲ್ಲಿ ಡ್ರಾಗನ್ ಅಂದ್ರೆ ಕೇಡು ಅಂತ ಓದಿ ಮುಂದೆ ಹೋದವರಿಗೆ ಆ ಪಟ್ಟಿ ಕಾಣೋದೇ ಇಲ್ಲ.

ಸಂಕೇತ ಒಂದು ಕಡೆ, ಮೂಡ್ ಇನ್ನೊಂದು ಕಡೆ ಎಳೆದ್ರೆ ನಾನು ಮೂಡನ್ನೇ ನಂಬ್ತೀನಿ. ಓಡಿಲೋನ್ ರೆಡಾನ್ ಸುಮಾರು 1914ರಲ್ಲಿ ಒಂಟಿಗಣ್ಣಿನ ದೈತ್ಯನನ್ನ ಬರೆದಿದಾನೆ, ಬೆಟ್ಟದ ಹಿಂದಿಂದ ಅವನು ಎದ್ದು ನಿಂತಿದಾನೆ, ಕೆಳಗೆ ಹೂವಿನಂಥ ಬಣ್ಣಗಳ ಇಳಿಜಾರಲ್ಲಿ ಗ್ರೀಕ್ ಕಥೆಯ ಅಪ್ಸರೆ ಗಲಾಟಿಯಾ ಮಲಗಿದಾಳೆ. ಹಳೇ ಕಥೇಲಿ ಈ ದೈತ್ಯ ಅವಳ ಪ್ರಿಯಕರನನ್ನ ಬಂಡೆ ಎಸೆದು ಸಾಯಿಸ್ತಾನೆ, ಅದು ಗೊತ್ತಿದ್ದೋರು ಚಿತ್ರ ನೋಡಿ ಹೆದರ್ತಾರೆ, ನಾನೂ ಹೆದರಿದ್ದೆ. ಒಂದು ಸಲ ಸ್ಕ್ರೀನ್ ಮೇಲೆ ಹೆಬ್ಬೆರಳಿಟ್ಟು ಆ ಕಣ್ಣನ್ನ ಮುಚ್ಚಿದೆ. ಉಳಿದಿದ್ದು ನೇರಳೆ, ಹಳದಿ, ಕಿತ್ತಳೆ ಬಣ್ಣಗಳು ಚೆಲ್ಲಿರೋ ಒಂದು ತೋಟ, ಎಲ್ಲೂ ಭಯ ಇಲ್ಲ. ಬೆರಳು ತೆಗೆದೆ, ಅವನ ತಲೆ ಒಂಚೂರು ವಾಲಿದೆ, ಬಾಯಿ ಪುಟ್ಟದಾಗಿದೆ, ಆ ದೊಡ್ಡ ಕಣ್ಣಲ್ಲಿ ಇರೋದು ಹಂಬಲ, ಹತ್ರ ಹೋಗೋಕೆ ಧೈರ್ಯ ಇಲ್ಲದವನ ಹಂಬಲ. ಅವನು ಬೆಟ್ಟದ ಹಿಂದೇನೇ ನಿಂತಿದಾನಲ್ಲ, ದಾಟಿ ಬಂದಿಲ್ಲ. ಈ ಮುಚ್ಚಿ ನೋಡೋ ಉಪಾಯಾನ ಯಾವ ಚಿತ್ರಕ್ಕಾದ್ರೂ ಮಾಡಬಹುದು, ಒಂದು ವಸ್ತುನ ಮುಚ್ಚಿದಾಗ ಮೂಡ್ ಬದಲಾದ್ರೆ ಅದು ಮುಖ್ಯ, ಬದಲಾಗಲಿಲ್ಲ ಅಂದ್ರೆ ಅಲಂಕಾರ.

7. ಕಾಣದೇ ಇರೋದು

ಬಚ್ಚಿಟ್ಟಿರೋದನ್ನೂ ಗಮನಿಸಿ. ಫ್ರಾಂಕ್ ಫ್ರಜೆಟಾ 1973ರಲ್ಲಿ ಬರೆದ ಕೊಂಬಿನ ಶಿರಸ್ತ್ರಾಣದ ಕುದುರೆ ಸವಾರನ ಚಿತ್ರದಲ್ಲಿ ಅವನ ಮುಖ ನೆರಳಲ್ಲಿ ಮುಳುಗಿದೆ. ಮುಖ ತೋರಿಸಿದ್ರೆ ಅವನೊಬ್ಬ ಸಿಟ್ಟಿನ ಸೈನಿಕ ಆಗ್ತಿದ್ದ, ಅಷ್ಟೇ. ಬಾಗಿಲಿನ ಆಚೆ, ಮಂಜಿನ ಹಿಂದೆ, ಚೌಕಟ್ಟಿನ ಹೊರಗೆ ಪಾತ್ರಗಳು ಏನನ್ನ ನೋಡ್ತಿವೆ ಅಂತ ಕೇಳ್ಕೊಳ್ಳಿ.

8. ಈಗ ಹೊರಗಿನ ಮಾಹಿತಿ ಓದಿ

ಹೆಸರು, ಕಥೆ, ಕಲಾವಿದನ ಬದುಕು ಇದೆಲ್ಲ ಈಗ ಓದಬಹುದು, ನಿಮ್ಮ ಮೊದಲ ಪದ ಬರೆದಿಟ್ಕೊಂಡಿದೀರಲ್ಲ, ಅದು ಅಳಿಸಿಹೋಗಲ್ಲ. ಬದುಕಿನ ಕಥೆ ವಿಷಯದಲ್ಲಿ ಸ್ವಲ್ಪ ಹುಷಾರು. ಡ್ಯಾಡ್ 1843ರಲ್ಲಿ ಮಾನಸಿಕ ಕಾಯಿಲೆಯಲ್ಲಿ ತನ್ನ ತಂದೆಯನ್ನೇ ಕೊಂದ, ಆಮೇಲಿನ ಜೀವನವೆಲ್ಲ ಆಸ್ಪತ್ರೆಗಳಲ್ಲಿ ಕಳೀತು, ಆ ಯಕ್ಷಿಣಿಯರ ಚಿತ್ರಾನೂ 1855ರಿಂದ 1864ರವರೆಗೆ ಅಲ್ಲೇ ಬರೆದಿದ್ದು. ಇದು ಗೊತ್ತಾದ ತಕ್ಷಣ ಜನ ಚಿತ್ರದ ಮೂಲೆ ಮೂಲೇಲೂ ಹುಚ್ಚು ಹುಡುಕ್ತಾರೆ, ನನಗೆ ಅದು ಅನ್ಯಾಯ ಅನ್ಸುತ್ತೆ. ಒಂಬತ್ತು ವರ್ಷ ಒಂದೊಂದು ಎಸಳನ್ನೂ ಅಷ್ಟು ಪ್ರೀತಿಯಿಂದ ಬರೆದ ಕೈಯಲ್ಲಿ ನನಗೆ ಕಾಣೋದು ತಾಳ್ಮೆ, ಅದನ್ನ ಬೆರಳಿಟ್ಟು ತೋರಿಸಬಲ್ಲೆ.

ಪೋಲೆಂಡಿನ ಬೆಕ್ಷಿನ್ಸ್ಕಿ ಥರದವರೂ ಇದಾರೆ, ತನ್ನ ಚಿತ್ರಗಳಿಗೆ ಹೆಸರೇ ಇಡ್ತಿರ್ಲಿಲ್ಲ. ಅಲ್ಲಿ ಮೂಡ್ ಒಂದೇ ದಾರಿ. ಪುಸ್ತಕದ ಮುಖಪುಟಕ್ಕೆ ಬರೆದ ಚಿತ್ರ ಆದ್ರೆ ಮೇಲಿನ ಖಾಲಿ ಆಕಾಶಾನ ಒಂಟಿತನ ಅಂತ ಓದ್ಬೇಡಿ, ಅದು ಹೆಸರು ಅಚ್ಚಾಗೋಕೆ ಬಿಟ್ಟ ಜಾಗ ಇರಬಹುದು. ಇನ್ನು ಸಾಫ್ಟ್‌ವೇರ್ ತಾನೇ ತಯಾರಿಸಿದ ಚಿತ್ರಗಳಲ್ಲಿ ಮೂಡ್ ಬಗ್ಗೆ ಮಾತಾಡಬಹುದು, ಸಣ್ಣ ವಿವರಗಳಿಗೆ ಅರ್ಥ ಕಟ್ಟೋಕೆ ಹೋಗ್ಬೇಡಿ, ಆ ವಿವರ ಅಲ್ಲೇ ಇರ್ಬೇಕು ಅಂತ ಯಾರೂ ಕೂತು ತೀರ್ಮಾನ ಮಾಡಿರಲ್ಲ.

ಬೋಕ್ಲಿನ್ ದ್ವೀಪದ ಬಗ್ಗೆ ನನಗೆ ಕೊನೆಗೆ ಗೊತ್ತಾದ ವಿಷಯ ಒಂದಿದೆ. 1880ರಲ್ಲಿ ಫ್ಲಾರೆನ್ಸ್‌ನ ಅವನ ಸ್ಟುಡಿಯೋಗೆ ಮರೀ ಬೆರ್ನಾ ಅನ್ನೋ ಹೆಣ್ಣುಮಗಳು ಬಂದಿದ್ರು, ಗಂಡ ತೀರಿಹೋಗಿ ವರ್ಷಗಳಾಗಿತ್ತು. ಅರ್ಧ ಆಗಿದ್ದ ದ್ವೀಪದ ಚಿತ್ರ ನೋಡಿ ತಮಗೂ ಒಂದು ಬೇಕು ಅಂದ್ರು. ಅವರು ಕೇಳಿದ್ದಕ್ಕೇ ಬೋಕ್ಲಿನ್ ಅವರ ಚಿತ್ರದ ದೋಣಿಗೆ ಶವಪೆಟ್ಟಿಗೆ ಮತ್ತು ಬಿಳಿ ಹೊದ್ದ ಆಕೃತಿ ಸೇರಿಸಿದ್ದು, ಆಮೇಲೆ ಮೊದಲಿನ ಚಿತ್ರಕ್ಕೂ ಸೇರಿಸಿದ. ಅಂದ್ರೆ ಇಡೀ ಚಿತ್ರದ ಅತಿ ದೊಡ್ಡ ಸಂಕೇತ ಶುರುವಿನಲ್ಲಿ ಅಲ್ಲಿ ಇರಲೇ ಇಲ್ಲ. ಬಂಡೆ, ಮರ, ನೀರು, ಆ ಮೌನ ಮೊದಲೇ ಇತ್ತು, ಬೆರ್ನಾ ಅವರ ಮನಸ್ಸು ತಟ್ಟಿದ್ದು ಅದೇ.

9. ಮೂರು ವಾಕ್ಯ ಬರೀರಿ

ಒಂದ್ರಲ್ಲಿ ಮೂಡ್, ಒಂದ್ರಲ್ಲಿ ಅದು ಎಲ್ಲಿಂದ ಬರುತ್ತೆ, ಒಂದ್ರಲ್ಲಿ ನಿಮಗೆ ಉತ್ತರ ಸಿಗದ ಪ್ರಶ್ನೆ. ನಾನು ದ್ವೀಪದ ಬಗ್ಗೆ ಬರ್ಕೊಂಡಿರೋದು ಹೀಗಿದೆ. "ಇಲ್ಲಿ ನಿರಾಳನೂ ಇದೆ ಅಂಜಿಕೆನೂ ಇದೆ. ನಿರಾಳ ಬರೋದು ಅಲೆ ಇಲ್ಲದ ನೀರಿಂದ, ಅಂಜಿಕೆ ಬರೋದು ಬಂಡೆಗಳ ನಡುವಿನ ಆ ಕಪ್ಪು ಮರಗಳಿಂದ, ಯಾಕಂದ್ರೆ ದೋಣಿ ಸೀದಾ ಅಲ್ಲಿಗೇ ಹೊರಟಿದೆ, ಅದರ ಆಚೆ ಏನಿದೆ ಅಂತ ಕಾಣಲ್ಲ. ಬಿಳಿ ಹೊದ್ದು ನಿಂತಿರೋರು ತೀರಿಹೋದವರನ್ನ ಬಿಡೋಕೆ ಬಂದವರಾ, ಇಲ್ಲಾ ತೀರಿಹೋದವರೇನಾ?"